ಒಂದು ಚಿನ್ನ, ಮಿಕ್ಕಿದ್ದೆಲ್ಲ ಹಿತ್ತಾಳೆ

"ಪಾಯ ತೋಡುವಾಗ ಸಿಕ್ತು ಸ್ವಾಮಿ, ಯಾರಿಗೂ ಹೇಳ್ಬೇಡಿ." ಈ ಒಂದು ಮಾತಿಗೆ ಮರುಳಾಗಿ ಅಂಗಡಿಯ ಬಂಡವಾಳವನ್ನೇ ಕಳೆದುಕೊಂಡವರು ಒಬ್ಬಿಬ್ಬರಲ್ಲ. ದಾವಣಗೆರೆ, ಚಿತ್ರದುರ್ಗ, ವಿಜಯನಗರ ಜಿಲ್ಲೆಗಳ ಪೊಲೀಸ್ ಠಾಣೆಗಳಿಗೆ ಇಂಥ ದೂರು ಹೊಸದೇನಲ್ಲ. ನಾಟಕ ಒಂದೇ, ಪಾತ್ರಧಾರಿಗಳು ಮಾತ್ರ ಬೇರೆ ಬೇರೆ.

ಕೂಲಿಯವನ ವೇಷದಲ್ಲಿ ಒಬ್ಬ ಬರುತ್ತಾನೆ. ಒಂದೆರಡು ಹಳೇ ನಾಣ್ಯ ಕೈಗಿಟ್ಟು, "ನಿಮ್ಮ ಆಚಾರಿ ಹತ್ರಾನೇ ತೋರಿಸ್ಕೊಂಡು ಬನ್ನಿ" ಅನ್ನುತ್ತಾನೆ. ಆಚಾರಿ ಒರೆಗೆ ಹಚ್ಚಿ ನೋಡುತ್ತಾರೆ. ಅಪ್ಪಟ ಚಿನ್ನ! ಅಲ್ಲಿಗೆ ಗಿರಾಕಿಯ ಬುದ್ಧಿಗೆ ಮಂಕು ಕವಿಯಿತು. ಪೇಟೆ ದರಕ್ಕಿಂತ ಎಷ್ಟೋ ಕಮ್ಮಿಗೆ ಕಿಲೋಗಟ್ಟಲೆ ಚಿನ್ನ ಸಿಗುತ್ತದೆ ಅಂತ ಸಾಲ ಸೋಲ ಮಾಡಿ ದುಡ್ಡು ಹೊಂದಿಸುತ್ತಾನೆ. ಊರಾಚೆ ಗಂಟು ಕೈ ಬದಲಾಗುತ್ತದೆ. ಮನೆಗೆ ಬಂದು ಬಿಚ್ಚಿದರೆ ಬರೀ ಹಿತ್ತಾಳೆ!

ಇಲ್ಲಿ ಆಚಾರಿಯ ತಪ್ಪೇನೂ ಇಲ್ಲ. ಒರೆಗಲ್ಲು ಸುಳ್ಳು ಹೇಳಲಿಲ್ಲ. ತನ್ನ ಮೈಮೇಲೆ ಉಜ್ಜಿದ ನಾಣ್ಯದ ಮಾತನ್ನಷ್ಟೇ ಅದು ಹೇಳಿತು. ಗಂಟಿನ ಮಾತು ಹೇಳಿದ್ದು ಗಿರಾಕಿಯ ಆಸೆ. ಅತಿಯಾಸೆ ಗತಿಗೇಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೋಸ ಹೋದವರು ಬಾಯಿ ಬಿಡುವುದೂ ಕಷ್ಟ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು ಎಂಬ ಕಾಯಿದೆ 1878ರಿಂದಲೇ ಈ ದೇಶದಲ್ಲಿದೆ. ಅದನ್ನು ಗುಟ್ಟಾಗಿ ಕೊಳ್ಳಲು ಹೋದವನ ಪಾಡು ಕಳ್ಳನಿಗೆ ಚೇಳು ಕುಟುಕಿದ ಹಾಗೆ. ಮೋಸಗಾರರ ಧೈರ್ಯವೆಲ್ಲ ಇರುವುದು ಈ ಮೌನದಲ್ಲೇ.

ಹಾಗಾದರೆ ಹಳೇ ನಾಣ್ಯ ಬಂದಾಗ ಅಂಗಡಿಯವರು ಏನು ನೋಡಬೇಕು? ಮೊದಲು ತಕ್ಕಡಿ. ಬ್ರಿಟಿಷರ ಕಾಲದ ಸವರನ್, ನಮ್ಮ ಹೆಂಗಸರ ಬಾಯಲ್ಲಿ ಪವನು, 22 ಕ್ಯಾರಟ್ ಚಿನ್ನದ್ದು. ತೂಕ 7.988 ಗ್ರಾಂ, ಅಡ್ಡಗಲ 22 ಮಿಲಿಮೀಟರ್ ಚಿಲ್ಲರೆ. ಅದೇ ಅಗಲ, ಅದೇ ದಪ್ಪದಲ್ಲಿ ಹಿತ್ತಾಳೆಯದು ಮಾಡಿದರೆ 4 ಗ್ರಾಂ ಕೂಡ ತೂಗುವುದಿಲ್ಲ. ತೂಕ ಸರಿ ಮಾಡಲು ಹೋದರೆ ನಾಣ್ಯ ದಪ್ಪವಾಗಿ ಸಿಕ್ಕಿಬೀಳುತ್ತದೆ. ತೂಕ, ಅಗಲ, ದಪ್ಪ ಮೂರೂ ಒಟ್ಟಿಗೆ ತಾಳೆಯಾಗಬೇಕು. ಅದೂ ಒಂದು ನಾಣ್ಯದ್ದಲ್ಲ, ಗಂಟಿನ ಪ್ರತಿಯೊಂದರದ್ದು. ಈಗಿನ ಮಿಷನ್ನುಗಳು ಕ್ಷಣದಲ್ಲಿ ಕ್ಯಾರಟ್ ಹೇಳುತ್ತವೆ, ನಿಜ. ಆದರೆ ಅವು ನೋಡುವುದು ಮೇಲ್ಪದರವನ್ನು. ದಪ್ಪ ಮುಲಾಮು ಹಾಕಿದ್ದರೆ ಒಳಗಿನ ಹೂರಣ ಅವಕ್ಕೆ ಕಾಣದು.

ಎರಡನೆಯದು ಮೈಕಟ್ಟು. ನಮ್ಮ ಹಳೇ ವರಹಗಳನ್ನು ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದ್ದು. ನಕಲಿ ನಾಣ್ಯ ಹೆಚ್ಚಾಗಿ ಎರಕದ್ದು. ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಗುಳಿ, ಅಂಚಿನಲ್ಲಿ ಬೆಸುಗೆಯಂಥ ಗೆರೆ ಕಾಣುತ್ತದೆ. ವಿಜಯನಗರದ ವರಹ ಸುಮಾರು 3.4 ಗ್ರಾಂ ತೂಗುವ, ಅಂಗಿ ಗುಂಡಿಯಷ್ಟು ಅಗಲದ ನಾಣ್ಯ. ಅದರ ಮೇಲೆ ಇಸವಿ ಇರುವುದಿಲ್ಲ. ಬೆಳ್ಳಿ ರೂಪಾಯಿಯಷ್ಟು ಅಗಲದ್ದನ್ನು ತೋರಿಸಿ "ಕೃಷ್ಣದೇವರಾಯನ ವರಹ" ಅಂದರೆ ಅಲ್ಲೇ ಕೈಮುಗಿದು ಕಳಿಸಿಬಿಡಿ. ಹನುಮಂತನ ಚಿತ್ರ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ ಇರುವ ಬಿಲ್ಲೆಗಳೂ ಕಂಪನಿಯ ನಾಣ್ಯಗಳಲ್ಲ.

ಮೂರನೆಯದು ಯಾರ ಕಾಲದ್ದು ಎಂಬ ಪ್ರಶ್ನೆ. ಇಲ್ಲಿ ಬಲ್ಲವರೂ ಎಡವುತ್ತಾರೆ. ಶಿವ ಪಾರ್ವತಿ ಕೂತಿರುವ ವರಹವನ್ನು ವಿಜಯನಗರದ ಅರಸರು ಹೊಡೆಸಿದರು, ಆಮೇಲೆ ಇಕ್ಕೇರಿ ನಾಯಕರು ಹೊಡೆಸಿದರು. 1763ರಲ್ಲಿ ಬಿದನೂರು ಗೆದ್ದ ಹೈದರಾಲಿಯೂ ಅದೇ ಚಿತ್ರ ಉಳಿಸಿಕೊಂಡ. ಪೇಟೆಯ ನಂಬಿಕೆ ಕೆಡಬಾರದಲ್ಲ! 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೂ ಅದೇ ಶಿವ ಪಾರ್ವತಿ. ಆದ್ದರಿಂದ ಮುಂದುಗಡೆ ನೋಡಿ ಕಾಲ ಹೇಳಲಾಗದು, ಹಿಂದುಗಡೆ ತಿರುಗಿಸಬೇಕು. ನಾಗರಿಯಲ್ಲಿ "ಶ್ರೀ ಸದಾಶಿವ" ಎಂದಿದ್ದರೆ ಇಕ್ಕೇರಿ, ಫಾರ್ಸಿಯ ಒಂದೇ ಅಕ್ಷರವಿದ್ದರೆ ಹೈದರ್, "ಶ್ರೀ ಕೃಷ್ಣರಾಜ" ಎಂದಿದ್ದರೆ ಮೈಸೂರು. ಹಾಗೇ ಸವರನ್ನಿನಲ್ಲೂ. 1918ರದ್ದಾಗಿದ್ದು, ಇಸವಿಯ ಮೇಲುಗಡೆ ಇಂಗ್ಲಿಷಿನ ಸಣ್ಣ "ಐ" ಅಕ್ಷರವಿದ್ದರೆ ಅದು ಬೊಂಬಾಯಿ ಟಂಕಸಾಲೆಯದ್ದು.

ಇಷ್ಟೆಲ್ಲ ಯಾಕೆ ಬೇಕು ಅನ್ನಬಹುದು. ಮೋಸಕ್ಕೆ ಇನ್ನೊಂದು ಮುಖ ಇದೆ, ಅದಕ್ಕೆ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಬಡವರ ಮನೆಯ ಮುದುಕಿ ಅಜ್ಜಿ ಕಾಲದ ನಾಣ್ಯ ತಂದರೆ ಗ್ರಾಂ ಲೆಕ್ಕದಲ್ಲಿ ದುಡ್ಡು ಕೊಟ್ಟು, ಸವಕಲು ಅಂತ ಅದರಲ್ಲೂ ಮುರಿದುಕೊಂಡು, ಕುಲುಮೆಗೆ ಹಾಕುವವರಿದ್ದಾರೆ. ಅಪರೂಪದ್ದಾಗಿದ್ದರೆ ಸಂಗ್ರಹಗಾರರು ಚಿನ್ನದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಕೊಡುತ್ತಾರೆ. ಅದಕ್ಕೆ ನಾಣ್ಯದ ಸ್ಥಿತಿ ಚೆನ್ನಾಗಿರಬೇಕು. ಸರಕ್ಕೆ ಪೋಣಿಸಲು ಕೊಂಡಿ ಬೆಸೆದರೆ ಬೆಲೆ ಇಳಿಯಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಇಳಿಯಿತು. ಮನೆಯಲ್ಲಿ ಹಳೇ ನಾಣ್ಯ ಇದ್ದವರು ಅದನ್ನು ಇದ್ದ ಹಾಗೇ ಬಿಡಲಿ. ಯಾರಿಂದ ಬಂತು, ಯಾವಾಗ ಬಂತು ಅಂತ ಒಂದು ಚೀಟಿ ಬರೆದು ಜೊತೆಗಿಡಲಿ. ಮನೆತನದ ನಾಣ್ಯ ಇಟ್ಟುಕೊಳ್ಳುವುದು ಅಪರಾಧವಲ್ಲ. ನೂರು ವರ್ಷ ದಾಟಿದ ನಾಣ್ಯದ ವ್ಯಾಪಾರ ಮಾಡಲು ಮಾತ್ರ 1972ರ ಕಾಯಿದೆಯಂತೆ ಪರವಾನಗಿ ಬೇಕು.

ಆದರೆ ಆ ಮುದುಕಿ ಕೇಳುವುದಾದರೂ ಯಾರನ್ನು? ಅಂಗಡಿಯವರಿಗೆ ಲಾಭದ ಚಿಂತೆ, ಕಚೇರಿಗೆ ಹೋಗಲು ಅವಳಿಗೆ ಭಯ. ಪುರಾತತ್ವ ಇಲಾಖೆ ತಿಂಗಳಿಗೊಂದು ದಿನ ಜಿಲ್ಲಾ ಕೇಂದ್ರದಲ್ಲಿ ಬಲ್ಲವರನ್ನು ಕೂರಿಸಿ, ಜನ ತಂದ ನಾಣ್ಯ ನೋಡಿ ಇದು ಇಂಥದ್ದು ಅಂತ ಹೇಳಿ ಕಳಿಸುವ ಏರ್ಪಾಡು ಮಾಡಬೇಕು. ಅದಕ್ಕೆ ಕೋಟಿ ಬೇಡ. ಒಂದು ಮೇಜು, ಒಂದು ತಕ್ಕಡಿ, ಒಂದು ಭೂತಗನ್ನಡಿ ಸಾಕು. ಪೊಲೀಸರು ಈ ಮೋಸದ ರೀತಿಯನ್ನು ಬಸ್ ನಿಲ್ದಾಣದ ಗೋಡೆಗಳ ಮೇಲೆ ದಪ್ಪಕ್ಷರದಲ್ಲಿ ಬರೆಸಲಿ.

ಅಲ್ಲಿಯವರೆಗೆ ಅಂಗಡಿಯವರು ಒಂದು ಮಾತು ನೆನಪಿಟ್ಟರೆ ಸಾಕು. ನಿಜವಾಗಿ ಕಿಲೋಗಟ್ಟಲೆ ಚಿನ್ನ ಇದ್ದವನು ಅರ್ಧ ಬೆಲೆಗೆ ಮಾರಲು ನಿಮ್ಮ ಗಲ್ಲಾಪೆಟ್ಟಿಗೆ ಹುಡುಕಿಕೊಂಡು ಬರುವುದಿಲ್ಲ.