ಪ್ರಸಾದ ನಿಲಯದ ದೀಪಗಳು

ದೀಪದಾನಕ್ಕೆ ಕನ್ನಡ ನಾಡಿನಲ್ಲಿ ದೀರ್ಘವಾದ ಪರಂಪರೆಯಿದೆ. ನಂದಾದೀಪದ ಎಣ್ಣೆಗೆಂದು ಗಾಣವನ್ನೋ ಭೂಮಿಯನ್ನೋ ಬಿಟ್ಟುಕೊಟ್ಟ ಸಂಗತಿಯನ್ನು ಸಾರುವ ಶಾಸನಗಳು ನಾಡಿನ ಉದ್ದಗಲಕ್ಕೂ ದೊರೆಯುತ್ತವೆ. ವಿದ್ಯುತ್ತು ಬಂದ ಮೇಲೆ ಆ ಪರಂಪರೆ ಟ್ಯೂಬ್‌ಲೈಟಿಗೆ ಇಳಿಯಿತು. ನಾಲ್ಕು ಅಡಿಯ ಪಟ್ಟಿಯ ಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು, ಅದರ ಕೆಳಗೆ ಊರಿನ ಹೆಸರು ಬರೆಸುವುದು ಮಠ, ಗುಡಿ, ಶಾಲೆಗಳಲ್ಲಿ ರೂಢಿಯಾಯಿತು. ಕೊಳವೆಯ ಮೇಲೆಯೇ ಹೆಸರು ಬರೆಸಿ, ಬೆಳಕಿಗಿಂತ ಅಕ್ಷರವೇ ಹೆಚ್ಚಾದ ಉದಾಹರಣೆಗಳೂ ಇಲ್ಲದಿಲ್ಲ.

ಈ ಟ್ಯೂಬ್‌ಲೈಟುಗಳ ಕಾಲ ಈಗ ಮುಗಿಯುತ್ತ ಬಂದಿದೆ. ಪಾದರಸದ ಬಳಕೆಯನ್ನು ತಗ್ಗಿಸಲೆಂದು 2013ರಲ್ಲಿ ರೂಪುಗೊಂಡ ಮಿನಾಮಾಟಾ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು, ಉದ್ದ ಕೊಳವೆಯ ಪ್ರತಿದೀಪ್ತ ದೀಪಗಳ ತಯಾರಿಕೆ ಮತ್ತು ಆಮದು–ರಫ್ತುಗಳನ್ನು 2027ರೊಳಗೆ ನಿಲ್ಲಿಸಬೇಕೆಂದು 2023ರಲ್ಲಿ ನಿರ್ಣಯಿಸಿದವು. ಭಾರತವೂ ಆ ಒಪ್ಪಂದಕ್ಕೆ ಸೇರಿದೆ. ಮನೆಗಳಲ್ಲಿ ಬದಲಾವಣೆ ಬಹಳ ಹಿಂದೆಯೇ ಆಗಿಹೋಯಿತು. ಕೇಂದ್ರದ ಉಜಾಲಾ ಯೋಜನೆ 2015ರ ಜನವರಿಯಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಅದೇ ವರ್ಷದ ಡಿಸೆಂಬರಿನಲ್ಲಿ 'ಹೊಸ ಬೆಳಕು' ಎಂಬ ಹೆಸರಿನಿಂದ ಬಂತು. ದೇಶದಲ್ಲಿ ಆ ಯೋಜನೆಯಡಿ 36 ಕೋಟಿಗೂ ಹೆಚ್ಚು ಎಲ್.ಇ.ಡಿ. ಬಲ್ಬುಗಳು ಹಂಚಿಕೆಯಾದವು; ಎಲ್.ಇ.ಡಿ. ಟ್ಯೂಬುಗಳಾದರೋ ಸುಮಾರು 72 ಲಕ್ಷ ಮಾತ್ರ. ಶಾಲೆ, ಪ್ರಸಾದ ನಿಲಯಗಳ ಮಾಳಿಗೆಯ ಕೆಳಗೆ ಹಳೆಯ ಪಟ್ಟಿಗಳು ಇನ್ನೂ ಉಳಿದುಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಹಳೆಯ ದಪ್ಪ ಟ್ಯೂಬು 40 ವ್ಯಾಟ್‌ನದು. ಅದರ ಜೊತೆಗೆ ತಾಮ್ರದ ಚೋಕು ಹತ್ತು ಹನ್ನೆರಡು ವ್ಯಾಟ್‌ಗಳನ್ನು ಬರಿಯ ಶಾಖವಾಗಿ ಕಳೆಯುತ್ತದೆ. ವೋಲ್ಟೇಜು ಇಳಿದ ಸಂಜೆ ಅದು ಕಣ್ಣು ಮಿಟುಕಿಸುತ್ತ ಕುಳಿತರೆ ಯಾರಾದರೊಬ್ಬ ಹುಡುಗ ಬೆಂಚು ಹತ್ತಿ ಸ್ಟಾರ್ಟರನ್ನು ತಿರುವಬೇಕು. ತಡವಾಗಿ ಅರ್ಥ ಮಾಡಿಕೊಳ್ಳುವ ವಿದ್ಯಾರ್ಥಿಗೆ 'ಟ್ಯೂಬ್‌ಲೈಟ್' ಎಂಬ ಬಿರುದು ಬಂದುದು ಹೀಗೆಯೇ. ಎಲ್.ಇ.ಡಿ. ಟ್ಯೂಬಿಗೆ 18ರಿಂದ 20 ವ್ಯಾಟ್ ಸಾಕು. ಅದರ ಬೆಳಕು ಸುತ್ತಲೂ ಚೆಲ್ಲದೆ ಬಹುಪಾಲು ಕೆಳಮುಖವಾಗಿ ಬೀಳುವುದರಿಂದ ಪುಸ್ತಕದ ಮೇಲೆ ಕೊರತೆ ಕಾಣುವುದಿಲ್ಲ.

ಆದ್ದರಿಂದ ಬದಲಾಯಿಸಬೇಕೇ ಬೇಡವೇ ಎಂಬುದು ಈಗ ಪ್ರಶ್ನೆಯಲ್ಲ. ಎಲ್ಲಿ ಮೊದಲು ಎಂಬುದೇ ಪ್ರಶ್ನೆ. ದಾನಿಗಳ ಒಲವು ಸಹಜವಾಗಿ ಸಭಾಭವನದ ಕಡೆಗೆ, ಹೆಚ್ಚೆಂದರೆ ತರಗತಿಯ ಕಡೆಗೆ ಹರಿಯುತ್ತದೆ. ಆದರೆ ಇಬ್ರಾಹಿಂಪುರದ ಬಿಸಿಲಿನಲ್ಲಿ ಹಗಲಿನ ತರಗತಿಗೆ ಕಿಟಕಿ ತೆರೆದರೆ ವರ್ಷದ ಬಹುಭಾಗ ದೀಪವೇ ಬೇಡ. ಸಭಾಭವನದ ದೀಪ ವರ್ಷಕ್ಕೆ ಹತ್ತಿಪ್ಪತ್ತು ಸಂಜೆ ಉರಿದರೆ ಹೆಚ್ಚು. ದೀಪ ದಿನವೂ ಉರಿಯುವುದು ತಿಕೋಟಾ, ಬಬಲೇಶ್ವರದ ಕಡೆಯ ಹಳ್ಳಿಗಳಿಂದ ಬಂದ ಮಕ್ಕಳು ರಾತ್ರಿ ಓದುವ ಪ್ರಸಾದ ನಿಲಯದಲ್ಲಿ. ಹತ್ತು ಟ್ಯೂಬುಗಳಿರುವ ನಿಲಯದಲ್ಲಿ ಅವು ದಿನಕ್ಕೆ 5 ಗಂಟೆಯಂತೆ ವರ್ಷಕ್ಕೆ 300 ದಿನ ಉರಿಯುವುವೆಂದು ಲೆಕ್ಕ ಹಾಕಿದರೆ, ಒಂದೊಂದರಲ್ಲಿ 32 ವ್ಯಾಟ್ ಉಳಿದರೂ ವರ್ಷಕ್ಕೆ 480 ಯೂನಿಟ್ ಉಳಿಯುತ್ತದೆ. ಅದೇ ಹತ್ತು ಟ್ಯೂಬುಗಳು ಸಭಾಭವನದಲ್ಲಿದ್ದು 20 ಸಂಜೆ ಉರಿದರೆ ಉಳಿಯುವುದು 32 ಯೂನಿಟ್ ಮಾತ್ರ. ಒಂದೇ ಹಣ, ಫಲದಲ್ಲಿ ಹದಿನೈದು ಪಟ್ಟು ಅಂತರ! ಇದೇ ಜಿಲ್ಲೆಯ ಕೂಡಗಿಯ 2400 ಮೆಗಾವ್ಯಾಟ್ ಸ್ಥಾವರದಲ್ಲಿ ವಿದ್ಯುತ್ತಿಗಾಗಿ ಕಲ್ಲಿದ್ದಲು ಉರಿಯುತ್ತಿರುವುದನ್ನು ಬಲ್ಲವರಿಗೆ ಯೂನಿಟ್ಟಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲಸದ ರೀತಿ. ಪಟ್ಟಿಯನ್ನು ಕಿತ್ತೆಸೆಯಬೇಕಾಗಿಲ್ಲ. ತಗಡು ಗಟ್ಟಿಯಾಗಿದ್ದು ಹೋಲ್ಡರುಗಳು ಬಿರಿಯದಿದ್ದರೆ ಚೋಕು, ಸ್ಟಾರ್ಟರು, ಕಂಡೆನ್ಸರು ಇದ್ದರೆ ಅದನ್ನೂ ತೆಗೆದು, ತಂತಿಯನ್ನು ನೇರವಾಗಿ ಹೋಲ್ಡರಿಗೆ ಜೋಡಿಸಿದರಾಯಿತು. ಆದರೆ ಈ ಸುಲಭದ ಕೆಲಸದಲ್ಲಿಯೇ ಅಪಾಯವಿದೆ. ಕೆಲವು ಎಲ್.ಇ.ಡಿ. ಟ್ಯೂಬುಗಳು ಒಂದೇ ತುದಿಯ ಎರಡು ಪಿನ್ನುಗಳಿಂದ ವಿದ್ಯುತ್ ಪಡೆಯುತ್ತವೆ, ಕೆಲವು ಎರಡು ತುದಿಗಳಿಂದ. ಎರಡನೆಯ ಬಗೆಯಲ್ಲಿ ರಕ್ಷಣೆಯಿಲ್ಲದ ಅಗ್ಗದ ಮಾಲಾದರೆ, ಒಂದು ತುದಿಯನ್ನು ಹೋಲ್ಡರಿಗೆ ಸೇರಿಸಿದೊಡನೆ ಕೈಯಲ್ಲಿರುವ ಇನ್ನೊಂದು ತುದಿಯಲ್ಲಿ ವಿದ್ಯುತ್ತು ಹರಿಯಬಹುದು. ಹಳೆಯ ಕಟ್ಟಡಗಳಲ್ಲಿ ಸ್ವಿಚ್ಚನ್ನು ಫೇಸಿಗೆ ಹಾಕದೆ ನ್ಯೂಟ್ರಲಿಗೆ ಹಾಕಿರುವುದುಂಟು. ಅಲ್ಲಿ ಸ್ವಿಚ್ಚು ಆರಿಸಿದರೂ ಹೋಲ್ಡರಿನಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಬೆಂಚು ಹತ್ತುವ ಹುಡುಗನಿಗೆ ಇದು ತಿಳಿಯದು. ಹೀಗೆ ಮಾರ್ಪಡಿಸಿದ ಪಟ್ಟಿಗೆ ಮುಂದೆಂದೋ ಹಳೆಯ ಟ್ಯೂಬನ್ನು ಸಿಕ್ಕಿಸಿದರೆ ಅದರ ತಂತುವಿಗೆ 230 ವೋಲ್ಟು ನೇರವಾಗಿ ತಗುಲಿ ಒಡೆದುಹೋದೀತು. ಆದಕಾರಣ ಇಡೀ ಶಾಲೆಗೆ ಒಂದೇ ಬಗೆಯ, ಒಂದು ತುದಿಯಿಂದ ಉರಿಯುವ ಟ್ಯೂಬುಗಳನ್ನೇ ಕೊಳ್ಳಬೇಕು. ಪರವಾನಗಿಯುಳ್ಳ ವಾಯರ್‌ಮನ್‌ನಿಂದಲೇ ಜೋಡಿಸಬೇಕು. ಪ್ರತಿ ಪಟ್ಟಿಯ ಮೇಲೆ 'ಎಲ್.ಇ.ಡಿ. ಮಾತ್ರ' ಎಂದು ಬರೆಸಬೇಕು. ದಾನಿಯ ಹೆಸರಿಗೆ ಜಾಗವಿದ್ದ ಪಟ್ಟಿಯಲ್ಲಿ ಈ ಎರಡು ಪದಗಳಿಗೆ ಜಾಗ ಸಿಗದಿರದು. ದರಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಮಾಲನ್ನೇ ಆರಿಸುವ ಆಡಳಿತ ಮಂಡಳಿಯ ಅಭ್ಯಾಸ ಇಲ್ಲಿ ಸಲ್ಲದು. ತಗಡಿನ ಮಾಳಿಗೆಯ ಕೆಳಗಿನ ಮೇ ತಿಂಗಳ ಶಾಖಕ್ಕೆ ಅಂಥ ಟ್ಯೂಬುಗಳ ಒಳಗಿನ ಡ್ರೈವರು ಬಹುಕಾಲ ಬಾಳುವುದಿಲ್ಲ.

ತೆಗೆದ ಟ್ಯೂಬುಗಳ ಗತಿ ಏನು? ಒಂದೊಂದರಲ್ಲಿಯೂ ಕೆಲವು ಮಿಲಿಗ್ರಾಂ ಪಾದರಸವಿದೆ. ಅವನ್ನು ಶಾಲೆಯ ಹಿಂದಿನ ಗುಂಡಿಗೆ ಎಸೆದು 'ಢಬ್' ಎನ್ನಿಸಿ ನಲಿಯುವುದು ಎಷ್ಟೋ ಹಳೆಯ ವಿದ್ಯಾರ್ಥಿಗಳ ಬಾಲ್ಯದ ಆಟ. ಇನ್ನು ಅದು ನಡೆಯಬಾರದು. 2016ರ ನಿಯಮಗಳಿಂದೀಚೆಗೆ ಇವು ಇ-ತ್ಯಾಜ್ಯದ ವರ್ಗಕ್ಕೆ ಸೇರಿವೆ. ಒಡೆಯದಂತೆ ಹೊಸ ಟ್ಯೂಬಿನ ರಟ್ಟಿನ ಪೆಟ್ಟಿಗೆಗಳಲ್ಲಿಯೇ ಕಟ್ಟಿಟ್ಟು ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವುದು ವಿಜ್ಞಾನ ಶಿಕ್ಷಕರ ಹೊಣೆಯಾಗಲಿ. ಚೋಕಿನ ತಾಮ್ರಕ್ಕೆ ಗುಜರಿಯಲ್ಲಿ ಬೆಲೆಯುಂಟು. ಆ ಹಣ ನಿಲಯದ ಲೆಕ್ಕಕ್ಕೆ ಜಮೆಯಾಗಬೇಕು.

ಹಿಂದಿನ ದಾನಿಗಳ ಹೆಸರು ಅಳಿಯುವುದೆಂಬ ಸಂಕೋಚ ಆಡಳಿತ ಮಂಡಳಿಗಳನ್ನು ಕಾಡುವುದುಂಟು. ಪಟ್ಟಿ ಹಳೆಯದೇ ಉಳಿಯುವಾಗ ಹೆಸರೂ ಉಳಿಯುತ್ತದೆ. ಹೊಸ ಟ್ಯೂಬು ಕೊಟ್ಟವರ ಹೆಸರು ನಿಲಯದ ಬಾಗಿಲಲ್ಲಿ ಒಂದೇ ಫಲಕದ ಮೇಲೆ ಬಂದರೆ ಸಾಕು. ವಾರ್ಷಿಕ ಪರೀಕ್ಷೆ ಮುಗಿದು ನಿಲಯ ಬರಿದಾಗುವ ಬೇಸಿಗೆಯ ರಜೆಯೇ ಈ ಕೆಲಸಕ್ಕೆ ತಕ್ಕ ಕಾಲ. ಮಕ್ಕಳು ಹಾಸಿಗೆಯ ಸುರುಳಿ ಹೊತ್ತು ಮರಳುವ ಹೊತ್ತಿಗೆ ಕೊನೆಯ ಪಟ್ಟಿಯ ತಪಾಸಣೆ ಮುಗಿದಿರಬೇಕು.