ಮೂಗಿಗಿಂತ ಮೂಗುತಿ ಭಾರ! ಹಳೇ ಬೈಕಿಗೆ ಹಂಡೆಯಂಥ ಟೈರು ಯಾಕೆ ಸ್ವಾಮಿ?

ಮೈಸೂರಿನ ರಸ್ತೆಗಳಲ್ಲಿ ಹಳೇ ಬೈಕುಗಳಿಗೆ ಮತ್ತೆ ಪ್ರಾಯ ಬಂದಿದೆ. ಸಂತೋಷದ ವಿಷಯವೇ. ಅಜ್ಜನ ಕಾಲದ ಜಾವಾ, ಅಪ್ಪ ಓಡಿಸಿ ಮೂಲೆಗೆ ನಿಲ್ಲಿಸಿದ್ದ ಯೆಜ್ಡಿ, ಸೋದರಮಾವನ ಬುಲೆಟ್ಟು ಎಲ್ಲವೂ ಧೂಳು ಕೊಡವಿಕೊಂಡು ಎದ್ದಿವೆ. ಭಾನುವಾರ ಬೆಳಗಾದರೆ ಸಾಕು, ಊಟಿ ಕಡೆಗೋ ಮಡಿಕೇರಿ ಕಡೆಗೋ ಗುಂಪು ಗುಂಪಾಗಿ ಹೊರಡುತ್ತವೆ. ಹಿಂದೆ ಹೆಂಡತಿ ಅಥವಾ ಸ್ನೇಹಿತ, ಅಕ್ಕಪಕ್ಕ ಚೀಲ, ಮೇಲೊಂದು ಗಂಟು.

ಹೊರಡಲಿ, ಬೇಡ ಅನ್ನೋರು ಯಾರು? ಆದರೆ ಈ ಗಾಡಿಗಳ ಹಿಂದಿನ ಚಕ್ರದ ಕಡೆ ಒಂದು ಸಲ ಕಣ್ಣು ಹಾಯಿಸಿ. ಮೂರೂಕಾಲು ಇಂಚಿನ ಟೈರಿಗೆ ಅಂತ ಹುಟ್ಟಿದ ಗಾಡಿಗೆ 110, 120 ಮಿಲಿಮೀಟರ್ ಅಗಲದ ಟೈರು ತುರುಕಿರುತ್ತಾರೆ. ಕೇಳಿದರೆ ‘ಲುಕ್ಕು ಸಾರ್’ ಅಂತಾರೆ. ಮೂಗಿಗಿಂತ ಮೂಗುತಿ ಭಾರ ಅಂತ ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

‘ನಮಗೇನ್ರೀ ಅದರ ಗೊಡವೆ, ನಾವು ಬಸ್ಸಿನವರು’ ಅಂತ ಪುಟ ತಿರುಗಿಸಬೇಡಿ. ಆ ಬೈಕು ಓಡಿಸೋನು ನಿಮ್ಮ ಮಗನೋ ಅಳಿಯನೋ ಆಗಿರಬಹುದು. ಲಾಸ್ಟ್ ಬಸ್ಸು ತಪ್ಪಿದ ರಾತ್ರಿ ‘ಬನ್ನಿ ಮಾವ, ಬಿಟ್ಟು ಬರ್ತೀನಿ’ ಅಂತ ಅವನೇ ಕರೆದಾಗ ಹಿಂದೆ ಕೂರೋರು ನೀವೇ. ಹಿಂದಿನ ಟೈರಿನ ಮೇಲೆ ಹೆಚ್ಚು ಭಾರ ಹೊರಿಸೋರು ಹಿಂದೆ ಕೂತವರೇ ಅನ್ನೋದನ್ನ ಮರೆಯಬೇಡಿ.

ನಮ್ಮೂರ ಗಾಡಿ, ನಮ್ಮೂರ ಲೆಕ್ಕ

ಈ ಮಾತು ಬೇರೆ ಊರಿಗಿಂತ ಮೈಸೂರಿಗೆ ಹೆಚ್ಚು ಸಲ್ಲುತ್ತದೆ. 1960ರ ದಶಕದ ಆರಂಭದಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಬೈಕುಗಳು ಹೊರಬಂದವು. 70ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಅಂತ ಹೆಸರು ಬದಲಿಸಿಕೊಂಡಿತು. 1978ರಲ್ಲಿ ರೋಡ್‌ಕಿಂಗ್ ಬಂತು, ದೂರದ ಊರಿಗೆ ಹೋಗೋರ ಅಚ್ಚುಮೆಚ್ಚಿನ ಗಾಡಿ ಆಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಕಾರ್ಖಾನೆ ಹೋದರೂ ಗಾಡಿಗಳು ಉಳಿದವು, ಅವನ್ನು ಬಿಚ್ಚಿ ಜೋಡಿಸೋ ಕೈಗಳೂ ಈ ಊರಲ್ಲೇ ಉಳಿದವು.

ಆ ಕಾರ್ಖಾನೆಯವರು ಯಾವ ಗಾಡಿಗೆ ಯಾವ ಟೈರು ಅಂತ ಲೆಕ್ಕ ಹಾಕಿಯೇ ಕೊಟ್ಟಿದ್ದರು. ಹಳೇ ಜಾವಾ 250ಕ್ಕೆ ಮುಂದೂ ಹಿಂದೂ 3.25-16. ರೋಡ್‌ಕಿಂಗ್‌ಗೆ ಹಿಂದೆ 3.25-18. ಆ ಕಡೆ ಮದ್ರಾಸಿನಲ್ಲಿ ಹುಟ್ಟಿದ ಹಳೇ ಬುಲೆಟ್ 350ಕ್ಕೆ ಮುಂದೂ ಹಿಂದೂ 3.25-19. ಗಮನಿಸಿ, ಮೂರು ಗಾಡಿಗೂ ಹಿಂದಿನ ಟೈರು ಮೂರೂಕಾಲು ಇಂಚೇ. ಚಕ್ರದ ಎತ್ತರ ಮಾತ್ರ ಬೇರೆ ಬೇರೆ. ಅಂದಿನ ಎಂಜಿನಿಯರುಗಳಿಗೆ ದಪ್ಪ ಟೈರು ಗೊತ್ತಿರಲಿಲ್ಲ ಅಂದುಕೊಂಡಿರಾ?

ಟೈರಿನ ಕೆನ್ನೆ ಮೇಲಿನ ಅಂಕಿ

ಅಂಗಡಿಗೆ ಹೋದರೆ ಈಗ ಇಂಚಿನ ಟೈರಿನ ಪಕ್ಕದಲ್ಲೇ ಮಿಲಿಮೀಟರಿನ ಟೈರು ನೇತಾಡುತ್ತಿರುತ್ತದೆ. ಜನ ಗಲಿಬಿಲಿ ಆಗೋದು ಇಲ್ಲೇ. ಲೆಕ್ಕ ತುಂಬ ಸುಲಭ.

3.25-18 ಅಂದರೆ ಟೈರಿನ ಅಗಲ ಮೂರೂಕಾಲು ಇಂಚು, ಕೂರೋ ರಿಮ್ಮು 18 ಇಂಚಿನದು. ಇಂಥ ಟೈರಿನಲ್ಲಿ ಅಗಲ ಎಷ್ಟೋ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. 90/90-18 ಅಂದರೆ ಅಗಲ 90 ಮಿಲಿಮೀಟರ್, ಎತ್ತರ ಅದರ ನೂರಕ್ಕೆ 90 ಭಾಗ, ಅಂದರೆ 81 ಮಿಲಿಮೀಟರ್. ರಿಮ್ಮು ಅದೇ 18.

ಎರಡನ್ನೂ ಕೂಡಿಸಿ ನೋಡಿ. ಮೊದಲನೇದರ ಪೂರ್ತಿ ಎತ್ತರ ಲೆಕ್ಕಕ್ಕೆ 622 ಮಿಲಿಮೀಟರ್, ಎರಡನೇದರದ್ದು 619. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಆದರೂ ಇವೆರಡೂ ಅಣ್ಣತಮ್ಮ ಇದ್ದ ಹಾಗೆ. 3.25-18 ಸಿಗದಿದ್ದರೆ 90/90-18 ಧೈರ್ಯವಾಗಿ ಕೇಳಬಹುದು. ಈಗ 110/90-18 ತಗೊಳ್ಳಿ. ಅದರ ಎತ್ತರ 655. ಮೂಲದ ಟೈರಿಗಿಂತ 33 ಮಿಲಿಮೀಟರ್ ಹೆಚ್ಚು, ನೂರಕ್ಕೆ ಐದರಷ್ಟು.

ಐದು ತಾನೇ ಅಂತೀರಾ? ಚಕ್ರ ದೊಡ್ಡದಾದಷ್ಟೂ ಎಂಜಿನ್ನಿಗೆ ಎಳೆತ ಭಾರ. ಚಾಮುಂಡಿ ಬೆಟ್ಟಕ್ಕೆ ಇಬ್ಬರು ಕೂತು ಹೋದರೆ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಎರಡನೇ ಗೇರು ಕೇಳಲು ಶುರುಮಾಡುತ್ತದೆ. ಹಿಂದಿನ ಡ್ರಮ್ ಬ್ರೇಕು ಅದೇ ಹಳೇದು, ಆದರೆ ಹಿಡಿದು ನಿಲ್ಲಿಸಬೇಕಾದ ಚಕ್ರ ದೊಡ್ಡದು. ಅದರ ಹಿಡಿತವೂ ಐದರಷ್ಟು ಸಡಿಲ. ಸ್ಪೀಡೋಮೀಟರ್ ಕೇಬಲ್ಲು ಗೇರ್‌ಬಾಕ್ಸಿನಿಂದಲೋ ಹಿಂದಿನ ಚಕ್ರದಿಂದಲೋ ಬರುವ ಗಾಡಿಯಾದರೆ ಮುಳ್ಳು 60 ತೋರಿಸುವಾಗ ನೀವು 63ರಲ್ಲಿ ಇರುತ್ತೀರಿ. ಡಬಲ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲ ಬಿಟ್ಟು ಏಳದೇ ಇರಬಹುದು. ಹಿಂಭಾಗ ಎತ್ತರವಾಗಿ ಮುಂದಿನ ಫೋರ್ಕು ನೆಟ್ಟಗಾಗುವುದರಿಂದ ಹ್ಯಾಂಡಲ್ಲು ಹಗುರಾಗುತ್ತದೆ. ಹಗುರ ಅಂದರೆ ಒಳ್ಳೇದಲ್ಲ ಸ್ವಾಮಿ, ವೇಗದಲ್ಲಿ ಅದು ಅಲ್ಲಾಡೋಕೆ ಶುರು ಮಾಡುವ ಲಕ್ಷಣ.

ರಿಮ್ಮಿನ ಮಾತು ಕೇಳಿ

ಇಷ್ಟಕ್ಕೂ ಮುಖ್ಯವಾದದ್ದು ಬೇರೆಯೇ ಇದೆ. ಟೈರು ಆರಿಸಬೇಕಾದ್ದು ಕಣ್ಣಲ್ಲ, ರಿಮ್ಮು. ರಿಮ್ಮಿನ ಮೇಲೆ ಅದರ ಅಗಲವನ್ನು ಒತ್ತಿರುತ್ತಾರೆ. ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣೋದು 1.85 ಅನ್ನೋ ಅಂಕಿ, ಅಂದರೆ ಎರಡು ಇಂಚಿಗಿಂತ ಕಡಿಮೆ. ಅದಕ್ಕೆ 3.25 ಅಥವಾ 90/90 ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. 3.50 ಅಂದರೆ ಕೊನೇ ಗೆರೆ. ಅದಕ್ಕಿಂತ ದಪ್ಪದ್ದಕ್ಕೆ 2.15ರ ರಿಮ್ಮು, ಇನ್ನೂ ಅಗಲದ ರಿಮ್ಮು ಬೇಕಾಗುತ್ತದೆ.

ಕಿರಿದಾದ ರಿಮ್ಮಿಗೆ ದಪ್ಪ ಟೈರು ಏರಿಸಿದರೆ ಏನಾಗುತ್ತೆ? ಗೋಣಿಚೀಲದ ಬಾಯಿ ಬಿಗಿದು ಕಟ್ಟಿದರೆ ಹೊಟ್ಟೆ ಉಬ್ಬುತ್ತಲ್ಲ, ಹಾಗೆ. ಕೆಳಗಡೆ ಹಿಸುಕಿಕೊಂಡು ಮೇಲ್ಗಡೆ ಗುಂಡಗಾಗುತ್ತದೆ. ಆಗ ನೆಲಕ್ಕೆ ತಾಗೋದು ನಡುವಿನ ಒಂದು ಪಟ್ಟಿ ಮಾತ್ರ. ನಡು ಬೇಗ ಸವೆಯುತ್ತದೆ, ಅಂಚು ಹೊಸದಾಗೇ ಇರುತ್ತದೆ. ತಿರುವಿನಲ್ಲಿ ಟೈರಿನ ಕೆನ್ನೆ ಅತ್ತಿತ್ತ ವಾಲಾಡುತ್ತದೆ. ‘ದಪ್ಪ ಟೈರಿದ್ರೆ ಗ್ರಿಪ್ಪು ಜಾಸ್ತಿ ಸಾರ್’ ಅಂತ ಎದೆಯುಬ್ಬಿಸಿ ಹೇಳ್ತಾರಲ್ಲ ಹುಡುಗರು, ಅವರು ದುಡ್ಡು ಕೊಟ್ಟು ತಂದಿರೋ ಗ್ರಿಪ್ಪು ಇದು.

ಹೊಸ ಬೈಕುಗಳಲ್ಲಿ 140, 150ರ ಟೈರು ಬರೋಲ್ಲವೇ ಅಂತ ಕೇಳಬಹುದು. ಬರುತ್ತೆ. ಅವುಗಳ ರಿಮ್ಮು, ಚಕ್ರ ಹಿಡಿಯುವ ಸ್ವಿಂಗ್ ಆರ್ಮು, ಚೈನು ಓಡುವ ಜಾಗ ಎಲ್ಲವೂ ಆ ಅಳತೆಗೇ ತಯಾರಾಗಿರುತ್ತವೆ. ನಮ್ಮ ಜಾವಾ ಯೆಜ್ಡಿಯಲ್ಲಿ ಚೈನು ಪೂರ್ತಿ ಒಂದು ಡಬ್ಬಿಯೊಳಗೆ ಓಡುತ್ತದೆ. ಮಣ್ಣು ನೀರು ಸೇರಬಾರದು ಅಂತ ಮಾಡಿದ ಸೊಗಸಾದ ಏರ್ಪಾಡು ಅದು. ದಪ್ಪ ಟೈರು ಆ ಡಬ್ಬಿಗೇ ಒರೆಸುತ್ತದೆ. ಆಗ ಕೆಲವರು ಮಾಡೋದೇನು? ಡಬ್ಬಿಯನ್ನೇ ಕಿತ್ತೆಸೀತಾರೆ! ಚಪ್ಪಲಿ ಬಿಗಿ ಅಂತ ಕಾಲ್ಬೆರಳು ಕತ್ತರಿಸಿದ ಹಾಗಾಯಿತು. ಖಾಲಿ ಗಾಡಿ ನಿಂತಾಗ ಒರೆಸದ ಟೈರು, ಇಬ್ಬರು ಕೂತು ಗುಂಡಿಗೆ ಬಿದ್ದಾಗ ಮಡ್‌ಗಾರ್ಡಿಗೆ ತಾಗೋದೂ ಉಂಟು. ಟೈರು ಹಾಕಿದ ಮೇಲೆ ಎರಡೂ ಪಕ್ಕ ಒಂದು ಬೆರಳು ಸಲೀಸಾಗಿ ಆಡಬೇಕು. ಆಡದಿದ್ದರೆ ಅದು ನಿಮ್ಮ ಗಾಡಿಯ ಟೈರಲ್ಲ.

ಸಿಗೋದಿಲ್ಲ ಅನ್ನೋ ಮಾತು

ಇನ್ನೊಂದು ವಾದವೂ ಇದೆ, ಅದರಲ್ಲಿ ಸತ್ಯವೂ ಇದೆ. ‘ಹಳೇ ಸೈಜು ಸಿಗೋದಿಲ್ಲ, ಸಿಕ್ಕಿದ್ದು ಹಾಕಿಸ್ತೀವಿ’ ಅಂತಾರೆ. 19ರ ಬುಲೆಟ್ ಟೈರಿಗೆ ಅಂಥ ಬರ ಇಲ್ಲ. 18ಕ್ಕೆ 90/90 ಇದೆ ಅಂತ ಮೇಲೆಯೇ ಹೇಳಿದೆ. ಹಳೇ ಜಾವಾದ 16ರ ಟೈರಿಗೆ ಮಾತ್ರ ಅಲೆದಾಡಬೇಕು, ನಿಜ. ಅದಕ್ಕೆ ಹಿಂದಿನ ಚಕ್ರವನ್ನಷ್ಟೇ 18ಕ್ಕೆ ಬದಲಿಸಿ ಮುಂದೆ 16 ಬಿಟ್ಟರೆ ಗಾಡಿ ಮೂಗು ನೆಲಕ್ಕೆ ಹಾಕಿದ ಎಮ್ಮೆಯ ಹಾಗೆ ನಿಲ್ಲುತ್ತದೆ. ಅದಕ್ಕಿಂತ ನಾಲ್ಕು ಜನ ಜಾವಾದವರು ಸೇರಿ ಅಂಗಡಿಯವರಿಗೆ ಒಟ್ಟಿಗೆ ಆರ್ಡರ್ ಕೊಡೋದು ಮೇಲು. ಎರಡು ವಾರ ಗಾಡಿ ಮನೇಲಿ ನಿಂತರೆ ಮುಳುಗಿ ಹೋಗೋದೇನಿಲ್ಲ.

ಅಂಗಡಿಯವರಿಗೆ ಒಂದು ವಿನಂತಿ

ಟೈರು ಅಂಗಡಿಯವರ ಕಷ್ಟ ಈ ಅಂಕಣಕ್ಕೆ ಗೊತ್ತಿಲ್ಲದ್ದೇನಲ್ಲ. ಗಿರಾಕಿ ದಪ್ಪದ್ದೇ ಬೇಕು ಅಂತ ಹಟ ಹಿಡಿದರೆ, ಇಲ್ಲ ಅಂದರೆ ಪಕ್ಕದಂಗಡಿಗೆ ಹೋಗ್ತಾನೆ. ಆದರೂ ನಾಲ್ಕು ಕೆಲಸ ನಿಮ್ಮ ಕೈಯಲ್ಲೇ ಇದೆ.

ಒಂದು, ಟೈರು ಇಳಿಸುವ ಮೊದಲು ಗಿರಾಕಿಗೆ ರಿಮ್ಮಿನ ಅಂಕಿ ತೋರಿಸಿ. ಎರಡು, ಟೈರಿನ ಕೆನ್ನೆ ಮೇಲಿನ ಭಾರದ ಅಂಕಿ ಓದಿ ಹೇಳಿ. 52ಪಿ ಅಂತಿದ್ದರೆ ಆ ಟೈರು 200 ಕಿಲೋ ಹೊರಬಲ್ಲದು, ಗಂಟೆಗೆ 150 ಕಿಲೋಮೀಟರ್‌ವರೆಗೆ ತಡೆಯಬಲ್ಲದು ಅಂತ ಅರ್ಥ. ಇಬ್ಬರು ಮತ್ತು ಚೀಲ ಹೊತ್ತು ಘಾಟಿ ಹತ್ತುವ ಗಾಡಿಗೆ ‘ಲುಕ್ಕಿ’ಗಿಂತ ಈ ಅಂಕಿ ದೊಡ್ಡದು. ಮೂರು, ತಯಾರಾದ ವಾರ ಮತ್ತು ವರ್ಷ ನೋಡಿ ಕೊಡಿ. 2324 ಅಂತ ಒತ್ತಿದ್ದರೆ 2024ರ 23ನೇ ವಾರದ ಮಾಲು. ಅಪರೂಪದ ಸೈಜು ಅಂತ ಗೋಡೌನಿನಲ್ಲಿ ಎಂಟು ವರ್ಷ ಒಣಗಿದ್ದನ್ನು ಹೊಸದು ಅಂತ ದಾಟಿಸಬೇಡಿ. ನೋಡೋಕೆ ಹೊಳೆಯುತ್ತಿದ್ದರೂ ರಬ್ಬರು ಗಡುಸಾಗಿರುತ್ತದೆ. ನಾಲ್ಕು, ಸೈಜು ಮತ್ತು ಆ ತಾರೀಖನ್ನು ಬಿಲ್ಲಿನಲ್ಲಿ ಬರೆದುಕೊಡಿ. ಒಂದು ಸಾಲು ಹೆಚ್ಚು ಬರೆದರೆ ಶಾಯಿ ಖರ್ಚಾಗಲ್ಲ, ಆದರೆ ಗಿರಾಕಿ ಮುಂದಿನ ಸಲವೂ ನಿಮ್ಮಲ್ಲಿಗೇ ಬರ್ತಾನೆ.

ಇದರ ಜೊತೆಗೆ, ಕಡ್ಡಿ ಚಕ್ರಕ್ಕೆ ಟೈರು ಹೊಸದು ಹಾಕಿ ಟ್ಯೂಬು ಹಳೇದೇ ಇರಲಿ ಅನ್ನೋ ಜುಗ್ಗತನಕ್ಕೆ ನೀವು ಹೂಂಗುಟ್ಟಬೇಡಿ. ಕಡ್ಡಿ ತುದಿ ಚುಚ್ಚದಂತೆ ರಿಮ್ಮಿನೊಳಗೆ ಸುತ್ತುವ ರಬ್ಬರ್ ಪಟ್ಟಿಯನ್ನೂ ನೋಡಿ.

ಕಾನೂನಿನ ಮಾತೂ ಬರಲಿ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಒತ್ತಿ ಹೇಳಿದೆ. ಎರಡು ಚಕ್ರದ ಗಾಡಿಯ ಟೈರಿನ ಗ್ರಿಪ್ಪು 0.8 ಮಿಲಿಮೀಟರಿಗಿಂತ ಕಡಿಮೆ ಆಗಬಾರದು ಅಂತ ನಿಯಮವೂ ಇದೆ. ಹದಿನೈದು ವರ್ಷ ತುಂಬಿದ ಗಾಡಿಗಳು ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಅಂಗಳಕ್ಕೆ ಬರಲೇಬೇಕು. ಆಗ ಹಾರನ್ನು ಒತ್ತಿ, ಲೈಟು ಹಾಕಿಸಿ, ಚಾಸಿ ನಂಬರು ಉಜ್ಜಿಕೊಂಡು ಕಳಿಸಿದರೆ ಸಾಲದು. ಬಗ್ಗಿ ಹಿಂದಿನ ಟೈರಿನ ಅಂಕಿ ಓದಲಿ. ಸೊಂಟ ಬಗ್ಗಿಸೋದಕ್ಕೆ ಸರ್ಕಾರ ಬೇರೆ ಭತ್ಯೆ ಕೊಡಬೇಕಾಗಿಲ್ಲ.

ಹುಡುಗರಿಗೆ ಕಡೇ ಮಾತು. ಹಳೇ ಗಾಡಿ ಮೇಲೆ ನಿಮಗೆ ಪ್ರೀತಿ ಇದೆ, ಅದಕ್ಕೆ ನಮಸ್ಕಾರ. ಅದೇ ಪ್ರೀತಿಯಿಂದ ನಾಳೆ ಬೆಳಿಗ್ಗೆ ಕಿಕ್ಕರ್ ಒದೆಯೋ ಮುಂಚೆ ಒಂದು ಒದ್ದೆ ಬಟ್ಟೆ ತಗೊಂಡು ಹಿಂದಿನ ರಿಮ್ಮು ಒರೆಸಿ, ಅಲ್ಲಿರೋ ಅಂಕಿ ಓದಿ. ಆಮೇಲೆ ಟೈರಿನ ಅಂಕಿ ಓದಿ. ಎರಡಕ್ಕೂ ತಾಳೆ ಆಗದಿದ್ದರೆ ಊಟಿ ಮುಂದಿನ ಭಾನುವಾರವೂ ಅಲ್ಲೇ ಇರುತ್ತದೆ. ಮೊದಲು ಟೈರು ಬದಲಿಸಿ.