ಕಾಡು ನೋಡಲು ಕಾಲೇ ಬೇಕೆ?

ಬಂಡೀಪುರ ನಮ್ಮ ತಾಂಡವಪುರಕ್ಕೆ ದೂರದ ಊರಲ್ಲ. ಮೈಸೂರಿನಿಂದ ಅದು ಸುಮಾರು 80 ಕಿಲೋಮೀಟರು. ನಾವಿರುವುದೂ ಅದೇ ಹೆದ್ದಾರಿಯ ಮೇಲೆ, ಮೈಸೂರಿಗಿಂತ ಇನ್ನೂ ಹತ್ತಿರ. ಊಟಿಗೆ ಹೋಗುವ ಕಾರುಗಳು ಬೆಳಗಾದರೆ ನಮ್ಮ ಅಂಗಡಿಗಳ ಮುಂದೆಯೇ ಸಾಲುಗಟ್ಟಿ ಓಡುತ್ತವೆ. ಆ ಹುಲಿ ಸಂರಕ್ಷಣಾ ಪ್ರದೇಶದ ಒಂದು ಪಾಲಂತೂ ನಮ್ಮ ನಂಜನಗೂಡು ತಾಲ್ಲೂಕಿನೊಳಗೇ, ಹೆಡಿಯಾಲದ ಕಡೆ ಇದೆ. ಆದರೂ ಗಿರಣಿಯಲ್ಲಿ ಮೂವತ್ತು ವರ್ಷ ನಿಂತು ದುಡಿದ ಹಿರಿಯರನ್ನು, ಗಲ್ಲಾಪೆಟ್ಟಿಗೆಯ ಮುಂದೆ ಆಯುಷ್ಯ ಸವೆಸಿದ ವರ್ತಕರನ್ನು ಬಂಡೀಪುರ ನೋಡಿದ್ದೀರಾ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಈ ಮಂಡಿ ಇಟ್ಟುಕೊಂಡು ಕಾಡಿಗೆ ಹೋಗುವುದುಂಟೇ ಸ್ವಾಮಿ?’

ಹೋಗುವುದುಂಟು ಎಂಬುದೇ ನಮ್ಮ ವಾದ. ಅದೂ ಅಲ್ಲದೆ, ಕಾಡು ನೋಡುವ ವಿಷಯದಲ್ಲಿ ಗಟ್ಟಿ ಕಾಲಿನವನಿಗೂ ಮಂಡಿನೋವಿನವನಿಗೂ ಇರುವ ಅಂತರವು ಜನ ತಿಳಿದಿರುವುದಕ್ಕಿಂತ ಬಹಳ ಕಡಿಮೆ.

ರಾಷ್ಟ್ರೀಯ ಉದ್ಯಾನವೆಂದರೆ ಬೆಟ್ಟ ಹತ್ತುವುದು, ಹಳ್ಳ ದಾಟುವುದು, ಮೈಲಿಗಟ್ಟಲೆ ನಡೆಯುವುದು ಎಂಬ ಕಲ್ಪನೆ ನಮ್ಮಲ್ಲಿ ಹೇಗೋ ಬೇರೂರಿದೆ. ಬೇರೆ ದೇಶಗಳಲ್ಲಿ ಹಾಗಿರಬಹುದು. ನಮ್ಮ ಹುಲಿಕಾಡುಗಳಲ್ಲಿ ಕಾನೂನೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಅಲ್ಲಿ ಸಾಮಾನ್ಯ ಪ್ರವಾಸಿಗೆ ದೊರೆಯುವುದು ಸಫಾರಿ; ಸಫಾರಿ ಎಂದರೆ ಇಲಾಖೆಯ ಬಸ್ಸಿನಲ್ಲೋ ಜೀಪಿನಲ್ಲೋ ಕುಳಿತು ಸುತ್ತಿ ಬರುವುದು. ಸ್ವಂತ ಕಾರು ಒಳಕ್ಕೆ ಬಿಡುವುದಿಲ್ಲ. ನಡುವೆ ಇಳಿಯುವ ಹಾಗಿಲ್ಲ. ಕುಸ್ತಿಪಟುವೂ ಕುಳಿತೇ ಇರಬೇಕು, ಊರುಗೋಲಿನ ಅಜ್ಜಿಯೂ ಕುಳಿತೇ ಇರಬೇಕು. ಇಷ್ಟು ಸಮಾನತೆ ನಮ್ಮ ಗಿರಣಿಗಳಲ್ಲಿಲ್ಲ!

ಕುಳಿತು ಕಾಡು ನೋಡುವುದು ಹೊಸ ಪದ್ಧತಿಯೂ ಅಲ್ಲ. ಬಂಡೀಪುರವು ಮೈಸೂರು ಅರಸರ ಬೇಟೆಯ ಕಾಡಾಗಿತ್ತು. 1931ರಲ್ಲಿ ಅದರೊಳಗೆ ಸುಮಾರು 90 ಚದರ ಕಿಲೋಮೀಟರನ್ನು ವನ್ಯಪ್ರಾಣಿಗಳಿಗೆಂದು ಮೀಸಲಿಟ್ಟರು. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಲದಲ್ಲಿ ವೈಸರಾಯರೂ ಅತಿಥಿಗಳೂ ತಮಗಾಗಿ ಕಟ್ಟಿದ ಅಟ್ಟಣೆಯ ಮೇಲೆ ಆಸೀನರಾಗಿಯೇ ನೋಡಿದರು. ಆನೆ ಅಟ್ಟಿದವರು, ಕಂದಕ ತೋಡಿದವರು, ಮುಳ್ಳಿನಲ್ಲಿ ಓಡಿದವರು ಬೇರೆಯೇ ಜನ. 1971ರಲ್ಲಿ ಕೊನೆಯ ಖೆಡ್ಡಾ ಆಯಿತು. ಕುಳಿತು ನೋಡಿದ ಆ ದೊಡ್ಡ ಮನುಷ್ಯರನ್ನು ಯಾರೂ ಅಶಕ್ತರೆಂದು ಕರೆಯಲಿಲ್ಲ. ಇನ್ನು ಈ ಕಾಡಿನಲ್ಲಿ ನಿಜಕ್ಕೂ ನಡೆದು ಬಾಳಿದ ಜೇನುಕುರುಬರು, ಕಾಡುಕುರುಬರು, ಸೋಲಿಗರು ಹುಲಿ ಯೋಜನೆಯ ಮೇಲೆ ಕಾಡಿನಂಚಿಗೆ ಬಂದು ಬಿದ್ದರು. ನಡೆಯಬಲ್ಲವರನ್ನು ಹೊರಗಿಟ್ಟ ಕಾಡು ಅದು. ಆ ಕಥೆಯನ್ನು ಬೇರೆಯಾಗಿಯೇ ಬರೆಯಬೇಕು.

ಹಾಗಾದರೆ ಕಷ್ಟ ಎಲ್ಲಿದೆ? ಕಾಡಿನೊಳಗಲ್ಲ, ಕಾಡಿನ ಬಾಗಿಲಲ್ಲಿ. ಬಸ್ ಇಳಿದ ಜಾಗದಿಂದ ಟಿಕೀಟು ಕೊಡುವ ಕಿಟಕಿಯವರೆಗೆ, ಅಲ್ಲಿಂದ ಶೌಚಾಲಯಕ್ಕೆ, ಅಲ್ಲಿಂದ ಸಫಾರಿ ಬಸ್ಸಿನ ಮೆಟ್ಟಿಲಿಗೆ. ಎಲ್ಲ ಕೂಡಿದರೂ ಕೆಲವು ನೂರು ಹೆಜ್ಜೆ. ಈ ಹೆಜ್ಜೆಗಳ ಲೆಕ್ಕವನ್ನು ಮನೆಯಲ್ಲೇ ಕುಳಿತು ಹಾಕಿಕೊಂಡವನ ಪ್ರವಾಸ ಸುಖವಾಗುತ್ತದೆ. ಹಾಕದವನು ಟಿಕೀಟಿನ ಸಾಲಿನಲ್ಲೇ ಸೋತು ಕೂರುತ್ತಾನೆ.

ಮೊದಲಿಗೆ ದಾರಿ. ಚಾಮರಾಜನಗರದ ರೈಲು ನಮ್ಮೂರ ನಿಲ್ದಾಣಕ್ಕೆ ಬರುತ್ತದಾದರೂ ಅದು ಬಂಡೀಪುರದ ಕಡೆ ತಿರುಗುವುದಿಲ್ಲ. ನಂಜನಗೂಡು, ಗುಂಡ್ಲುಪೇಟೆ ಮಾರ್ಗವಾಗಿ ಬಸ್ಸೇ ಗತಿ. ಹಳೆಯ ನೆನಪಿನ ಮೇಲೆ ಹೊರಟವರು ಬಂಡೀಪುರದವರೆಗೂ ಹೋಗಿ ಪರದಾಡುತ್ತಾರೆ. ಸಫಾರಿಯ ಟಿಕೀಟು ಕೊಡುವುದನ್ನು ಕೆಲವು ವರ್ಷಗಳ ಹಿಂದೆಯೇ ಗುಂಡ್ಲುಪೇಟೆಯ ಕಡೆಯ ಮೇಲುಕಾಮನಹಳ್ಳಿಗೆ ಸ್ಥಳಾಂತರಿಸಿದ್ದಾರೆ. ಕಾಲು ಸೋತವರಿಗೆ ತಪ್ಪಾದ ನಿಲ್ದಾಣದಲ್ಲಿ ಇಳಿಯುವುದೆಂದರೆ ಅರ್ಧ ದಿನ ಕಳೆದಂತೆ. ಆದುದರಿಂದ ಕಂಡಕ್ಟರಿಗೆ ಹತ್ತುವಾಗಲೇ ಊರ ಹೆಸರು ಸ್ಪಷ್ಟವಾಗಿ ಹೇಳತಕ್ಕದ್ದು.

ಖರ್ಚಿನ ಮಾತು. ಅರವತ್ತು ದಾಟಿದವರಿಗೆ ರಾಜ್ಯ ಸಾರಿಗೆ ಬಸ್ಸಿನಲ್ಲಿ ನೂರಕ್ಕೆ 25ರಷ್ಟು ರಿಯಾಯಿತಿಯುಂಟು. 2023ರ ಜೂನ್ 11ರಿಂದ ನಡೆದಿರುವ ಶಕ್ತಿ ಯೋಜನೆಯಂತೆ ಹೆಂಗಸರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿಲ್ಲ. ಆದರೆ ಊಟಿಯ ಬಸ್ಸು ಅಂತರರಾಜ್ಯದ್ದು, ಅದರಲ್ಲಿ ಈ ಸೌಲಭ್ಯ ನಡೆಯದು. ಆದ್ದರಿಂದ ಅಮ್ಮಂದಿರನ್ನು ಕರೆದೊಯ್ಯುವವರು ಗುಂಡ್ಲುಪೇಟೆಯ ಬಸ್ಸು ಹಿಡಿಯುವುದೇ ಲಾಭ. ಅಂಗವಿಕಲರ ಪಾಸು ಹೊಂದಿದವರಿಗೆ ವಾಸದ ಊರಿನಿಂದ 100 ಕಿಲೋಮೀಟರಿನವರೆಗೆ ಅದು ನಡೆಯುತ್ತದೆ. ಬಂಡೀಪುರ ಆ ಸುತ್ತಳತೆಯೊಳಗೇ ಬರುತ್ತದೆ ಎಂಬುದನ್ನು ಪಾಸಿಟ್ಟುಕೊಂಡಿರುವ ಎಷ್ಟೋ ಮಂದಿ ಯೋಚಿಸಿಯೇ ಇಲ್ಲ. ಎರಡು ಮೂರು ಬಸ್ಸು ಹತ್ತಿಳಿಯಲಾರದವರಿಗೆ ನಾಲ್ಕು ಮನೆಯವರು ಕೂಡಿ ಒಂದು ಟೆಂಪೋ ಗೊತ್ತುಮಾಡುವುದೊಂದೇ ಉಪಾಯ.

ಸಫಾರಿ ಬೆಳಗ್ಗೆ ಒಂದು, ಸಂಜೆ ಒಂದು. ಮುದುಕರಿಗೆ ಬೆಳಗಿನ ಚಳಿಯಲ್ಲಿ ಕೀಲು ಹಿಡಿಯುತ್ತದೆ. ನಮ್ಮ ಮತ ಸಂಜೆಯದಕ್ಕೆ. ಜೀಪಿಗಿಂತ ಬಸ್ಸು ಲೇಸು. ಜೀಪು ಎತ್ತರ, ಹತ್ತುವುದು ಕಷ್ಟ, ಕುಲುಕಾಟವೂ ಹೆಚ್ಚು. ಬಸ್ಸಿನಲ್ಲಿ ಹಿಂದಿನ ಸೀಟು ಬೇಡವೇ ಬೇಡ. ಹಿಂಚಕ್ರದ ಮೇಲೆ ಕುಳಿತವನನ್ನು ಕಾಡಿನ ರಸ್ತೆ ಚೆಂಡಿನಂತೆ ಎಸೆಯುತ್ತದೆ, ಸೊಂಟ ಹಿಡಿದವನಿಗೆ ಹುಲಿ ಕಂಡರೂ ಕಾಣದು. ಎರಡು ಚಕ್ರಗಳ ನಡುವಿನ ಸೀಟನ್ನು ಕೇಳಿ ಪಡೆಯಬೇಕು. ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಮೊಣಕಾಲಿನಷ್ಟು ಎತ್ತರವಿರುವುದುಂಟು. ಮನೆಯಿಂದ ಒಂದು ಗಟ್ಟಿಯಾದ ಮರದ ಮೆಟ್ಟುಮಣೆಯನ್ನು ಒಯ್ದರೆ ಆ ಎತ್ತರ ಅರ್ಧವಾಗುತ್ತದೆ. ನಾಚಿಕೊಳ್ಳಲು ಇದರಲ್ಲೇನಿದೆ? ಅರಸರು ಅಂಬಾರಿಗೆ ಏಣಿ ಇಟ್ಟುಕೊಂಡೇ ಹತ್ತುತ್ತಿದ್ದರು.

ಒಳಗೆ ಹೋದ ಮೇಲೆ ಶೌಚಕ್ಕೆ ಇಳಿಯುವ ಹಾಗಿಲ್ಲ. ಇದಕ್ಕೆ ಹೆದರಿ ನಮ್ಮ ಹೆಂಗಸರು ಬೆಳಗಿನಿಂದ ನೀರೇ ಕುಡಿಯದೆ ಕೂರುತ್ತಾರೆ, ಸಂಜೆಗೆ ತಲೆಸುತ್ತು. ಸಕ್ಕರೆ ಕಾಯಿಲೆಯವರ ಪಾಡು ಇನ್ನೂ ಕೆಟ್ಟದ್ದು. ನೀರು ಕುಡಿಯಿರಿ, ಹೊರಡುವ ಮುಂಚೆ ಶೌಚ ತೀರಿಸಿಕೊಳ್ಳಿ. ಕುಕ್ಕರುಗಾಲಿನಲ್ಲಿ ಕೂರಲಾರದವರಿಗೆ ಕುರ್ಚಿಯಂಥ ಕಮೋಡು ಇದೆಯೇ, ಇಳಿಜಾರು ದಾರಿ ಇದೆಯೇ ಎಂಬುದನ್ನು ದೂರವಾಣಿಯಲ್ಲಿ ಮುಂಚೆಯೇ ಕೇಳುವುದು ಒಳ್ಳೆಯದು. ನೂರು ಜನ ಕೇಳಿದರೆ, ಇಲ್ಲದ ಕಡೆಯೂ ಅದು ಬರುತ್ತದೆ.

ಇನ್ನೊಂದನ್ನೂ ಕೇಳಿಕೊಳ್ಳಬೇಕು: ಸಫಾರಿ ನಡೆಯುತ್ತಿದೆಯೇ? 2025ರಲ್ಲಿ ಸರಗೂರು ತಾಲ್ಲೂಕಿನ ಕಡೆ ಹೊಲದಲ್ಲಿದ್ದ ರೈತರು ಹುಲಿಯ ಬಾಯಿಗೆ ಬಲಿಯಾದಾಗ, ನವೆಂಬರಿನಲ್ಲಿ ಸರ್ಕಾರವು ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಿತು. ನಾವು ಅದನ್ನು ಆಕ್ಷೇಪಿಸುವುದಿಲ್ಲ. ರೈತನ ಪ್ರಾಣದ ಮುಂದೆ ನಮ್ಮ ವಿಹಾರ ಯಾವ ಲೆಕ್ಕ? ಆದರೆ ಒಂದು ದಿನದ ಕೂಲಿ ಬಿಟ್ಟು, ಅಂಗಡಿಯ ಬಾಗಿಲೆಳೆದು ಹೊರಟವನು ಬರಿಗೈಯಲ್ಲಿ ಮರಳಬಾರದಲ್ಲ.

ಸಫಾರಿ ಇಲ್ಲದಿದ್ದರೂ ನೋಡುವುದಕ್ಕಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಅದೇ ಕಾಡಿನೊಳಗಿದೆ, ಎತ್ತರ 1454 ಮೀಟರು. ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲಕ್ಕೆ ಒಯ್ಯುತ್ತಾರೆ. ಶ್ರೀಮಂತನೂ ಆ ಬಸ್ಸನ್ನೇ ಹತ್ತಬೇಕೆಂಬುದು ನಮಗೆ ಪ್ರಿಯವಾದ ಏರ್ಪಾಟು. ದೇವಸ್ಥಾನಕ್ಕೆ ಮೆಟ್ಟಿಲುಗಳಿವೆ, ಹತ್ತಲಾರದವರು ಬಸ್ಸು ನಿಂತಲ್ಲೇ ಕುಳಿತರೂ ಕೆಳಗಿನ ಹುಲ್ಲುಗಾವಲು, ಮಂಜು, ಅದೃಷ್ಟವಿದ್ದರೆ ಆನೆ ಕಣ್ಣಿಗೆ ಬೀಳುತ್ತವೆ. ಭಾನುವಾರ ಮಾತ್ರ ಬುಡದ ಸಾಲಿನಲ್ಲಿ ನಿಲ್ಲುವುದೇ ಬೆಟ್ಟ ಹತ್ತಿದಷ್ಟು ಶ್ರಮ. ಪಾಳಿಯ ಕೆಲಸದವರು ವಾರದ ನಡುವೆ ಬಿಡುವು ಮಾಡಿಕೊಳ್ಳಲಿ. ಅಷ್ಟೂ ಆಗದವರಿಗೆ ಮೈಸೂರಿನ ಮೃಗಾಲಯವಿದೆ, 1892ರದ್ದು. ಬ್ಯಾಟರಿ ಗಾಡಿಯಲ್ಲಿ ಕೂರಿಸಿ ಸುತ್ತಿಸುತ್ತಾರೆ, ಮಂಗಳವಾರ ರಜೆ. ರಂಗನತಿಟ್ಟಿನಲ್ಲಿ ದೋಣಿಯಿದೆ, ಹಕ್ಕಿಗಳು ಕೈಗೆಟಕುವಷ್ಟು ಹತ್ತಿರ. ಆದರೆ ಅಲುಗುವ ದೋಣಿಗೆ ಕಾಲಿಡುವಾಗ ಇಬ್ಬರು ಹಿಡಿಯಬೇಕು.

ಇಷ್ಟೆಲ್ಲ ಉಪಾಯ ನಾವೇ ಹುಡುಕಬೇಕೇ, ಸರ್ಕಾರದ ಹೊಣೆ ಏನೂ ಇಲ್ಲವೇ ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದಿತು. 2017ರಲ್ಲಿ ನಿಯಮಗಳಾದವು, ಅಲ್ಲಿಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಸುಗಮವಾಗಬೇಕಿತ್ತು. ಗಡುವು 2022ಕ್ಕೆ ಮುಗಿಯಿತು. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಸುಗಮತೆಯ ನಿಯಮವನ್ನು ಬರಿಯ ಸಲಹೆಯ ಮಟ್ಟಕ್ಕೆ ಇಳಿಸಿದ್ದು ಮೂಲ ಕಾಯಿದೆಗೇ ವಿರುದ್ಧವೆಂದು ಹೇಳಿ, ಕಡ್ಡಾಯದ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಬೇಕೆಂದು ಕೇಂದ್ರಕ್ಕೆ ಆಜ್ಞಾಪಿಸಿತು. ಎಂದರೆ ಇದು ಯಾರ ದಯೆಯ ಪ್ರಶ್ನೆಯೂ ಅಲ್ಲ.

ಆದರೆ ನಮ್ಮ ಬಹುಮಂದಿ ಈ ಕಾಯಿದೆಯ ಪಟ್ಟಿಯಲ್ಲಿ ಬರುವುದಿಲ್ಲ. ಆ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮಗ್ಗದ ಮುಂದೆ ನಿಂತು ನಿಂತು ಸವೆದ ಮಂಡಿಗೆ ಯಾವ ವೈದ್ಯಮಂಡಳಿ ಪ್ರಮಾಣಪತ್ರ ಬರೆದುಕೊಡುತ್ತದೆ? ಮೂಟೆ ಎತ್ತಿ ಜಾರಿದ ಬೆನ್ನುಮೂಳೆಗೆ? ಆದ್ದರಿಂದಲೇ ನಾವು ಪ್ರತ್ಯೇಕ ಸೌಲಭ್ಯಕ್ಕಿಂತ ಎಲ್ಲರಿಗೂ ಆಗುವ ಸೌಲಭ್ಯವನ್ನು ಕೇಳುತ್ತೇವೆ. ಇಳಿಜಾರು ದಾರಿಯು ಪ್ರಮಾಣಪತ್ರ ಕೇಳುವುದಿಲ್ಲ. ಬಸುರಿಗೂ, ಮಗುವನ್ನೆತ್ತಿದ ತಾಯಿಗೂ, ಮುದುಕನಿಗೂ ಅದು ಒಂದೇ. ಸಫಾರಿ ಬಸ್ಸು ನಿಲ್ಲುವಲ್ಲಿ ಬಸ್ಸಿನ ನೆಲದ ಮಟ್ಟಕ್ಕೆ ಒಂದು ಜಗಲಿ, ಒಂದು ಕಡೆ ಕೈಪಿಡಿಯ ಕಂಬಿ, ಸಾಲಿನ ಪಕ್ಕ ನಾಲ್ಕು ಬೆಂಚು, ಮುಂದಿನ ಎರಡು ಸೀಟು ಹಿರಿಯರಿಗೆ ಮೀಸಲು: ಇದಕ್ಕೆ ಎಷ್ಟು ಇಟ್ಟಿಗೆ, ಎಷ್ಟು ಸಿಮೆಂಟು ಬೇಕು? ರೈಲಿಗೆ ಪ್ಲಾಟ್‌ಫಾರಂ ಕಟ್ಟುವುದನ್ನು ಬಲ್ಲ ದೇಶಕ್ಕೆ ಇದು ತಿಳಿಯದ ವಿದ್ಯೆಯೇ? ಎಲ್ಲಿ ಇದೆಯೋ ಅಲ್ಲಿ ಸಂತೋಷ. ಇಲ್ಲದ ಕಡೆ ಮನವಿ ಬರೆಯುವ ಕೆಲಸವನ್ನು ಗಿರಣಿಯ ಸಂಘಗಳೂ ವರ್ತಕರ ಸಂಘಗಳೂ ಕೂಡಿಯೇ ಕೈಗೊಳ್ಳಲಿ.

ಸಂಘಗಳಿಗೆ ಇನ್ನೊಂದು ಮಾತು. ವರ್ಷಕ್ಕೊಮ್ಮೆ ಪ್ರವಾಸ ಹೊರಡಿಸುವಾಗ ಮೊದಲು ಬರೆಯುವುದು ಹುಡುಗರ ಹೆಸರು. ನಿವೃತ್ತರಾದವರು ನೆನಪಾಗುವುದು ಸೀಟು ಮಿಕ್ಕರೆ. ಈ ಸಾರಿ ಪಟ್ಟಿಯನ್ನು ತಿರುಗಿಸಿ ಬರೆಯಿರಿ. ನಡೆಯಲಾರದ ಎಂಟು ಜನರನ್ನು ಮೊದಲು ಬರೆದು, ಅವರಿಗೆ ಹೊಂದುವ ಗಾಡಿಯನ್ನು ಗೊತ್ತುಮಾಡಿ, ಕೈಹಿಡಿಯಲು ನಾಲ್ಕು ಹುಡುಗರನ್ನು ಆಮೇಲೆ ಸೇರಿಸಿ. ಸಂಜೆಯ ಸಫಾರಿ ಮುಗಿದ ಮೇಲೆ ಅಲ್ಲಿ ತಡಮಾಡಬೇಡಿ. ಗುಂಡ್ಲುಪೇಟೆಯಿಂದ ನಂಜನಗೂಡಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಹೋಗುವಾಗಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ. ಮೆಟ್ಟುಮಣೆಯನ್ನು ಗಾಡಿಯಲ್ಲೇ ಮರೆತು ಬರಬೇಡಿ, ಮುಂದಿನ ತಂಡಕ್ಕೆ ಬೇಕಾಗುತ್ತದೆ.